ಹೊಟ್ಟೆ ಹಗುರಾಗಿರಲು ಏನು ತಿನ್ನಬೇಕು, ಯಾವಾಗ ತಿನ್ನಬೇಕು: ಮಂಡ್ಯ–ಮೈಸೂರಿನ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದಮೇಲೆ ಮಂಡ್ಯ ಸೀಮೆಯ ಹೊಲಗಳ ಬೆಳೆ ಬದಲಾಯಿತು. ರಾಗಿ, ಹುರುಳಿ, ಅವರೆ ಇದ್ದ ಕಡೆ ಭತ್ತ, ಕಬ್ಬು ಬಂದವು. ಹೊಲದ ಹಿಂದೆಯೇ ತಟ್ಟೆಯೂ ಬದಲಾಯಿತು. ಈಗ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ರೈಸ್‌ಬಾತು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮುದ್ದೆ ಕಾಣಿಸೋದು ಭಾನುವಾರ, ಅದೂ ನಾಟಿ ಕೋಳಿ ಸಾರು ಇದ್ದರೆ.

ಇದರಿಂದ ಹೊಟ್ಟೆಗೆ ಆದ ನಷ್ಟ ಸಣ್ಣದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ. ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ ಸಿಗೋದಿಲ್ಲ, ಏಕೆಂದರೆ ನಮಗೆ ಜೀರ್ಣವಾಗದ ಆ ನಾರೇ ಅವಕ್ಕೆ ಊಟ.

ಹಾಗಂತ ನಾಳೆಯಿಂದಲೇ ಮೂರು ಹೊತ್ತೂ ಮುದ್ದೆ, ಮೊಳಕೆ ಕಾಳು, ಬಟ್ಟಲು ತುಂಬ ಸೊಪ್ಪು ಅಂತ ಹೊರಟರೆ ನಾಲ್ಕನೇ ದಿನಕ್ಕೆ ಹೊಟ್ಟೆ ಡೋಲಿನಂತೆ ಉಬ್ಬುತ್ತದೆ. ಆಮೇಲೆ 'ನಮಗೆ ಇದೆಲ್ಲ ಆಗಿಬರಲ್ಲ' ಅಂತ ಬಿಟ್ಟುಬಿಡುತ್ತೇವೆ. ಹೊಟ್ಟೆಗೆ ಬೇಕಾದ್ದೆಲ್ಲ ನಮ್ಮ ಕಡೆಯ ಅಡುಗೆಯಲ್ಲೇ ಇದೆ, ಹೊಸದಾಗಿ ಕೊಳ್ಳಬೇಕಾದ್ದು ಏನೂ ಇಲ್ಲ. ಆದರೆ ಯಾವುದನ್ನು ಮೊದಲು ಮಾಡಬೇಕು, ಎಷ್ಟು ನಿಧಾನವಾಗಿ ಮಾಡಬೇಕು ಅನ್ನೋದು ಮುಖ್ಯ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಒಂದು ರೂಢಿಯಾದಮೇಲೆ ಇನ್ನೊಂದಕ್ಕೆ ಹೋಗಿ.

ಮೊದಲು ಇದನ್ನು ಓದಿ: ಯಾವಾಗ ಮನೆಮದ್ದು ಬೇಡ

ಎದೆ ನಡುವೆ ಒತ್ತಿದಂತೆ ನೋವು, ಜೊತೆಗೆ ಬೆವರು, ಉಸಿರು ಸಾಲದಂತಾಗೋದು, ಎಡಗೈ ಅಥವಾ ದವಡೆಗೆ ನೋವು ಹರಿಯೋದು. ಇದನ್ನು 'ಗ್ಯಾಸ್ಟ್ರಿಕ್ ಇರಬೇಕು' ಅಂತ ಜೀರಿಗೆ ನೀರು ಕುಡಿದು ಮಲಗುವವರು ನಮ್ಮಲ್ಲಿ ಬೇಕಾದಷ್ಟು ಜನ. ಇದು ಹೃದಯಾಘಾತ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವು ಇಲ್ಲದೆಯೂ ಬರಬಹುದು. ಬರೀ ಮೇಲುಹೊಟ್ಟೆ ಸಂಕಟ, ವಾಕರಿಕೆ, ಸುಸ್ತು ಅಷ್ಟೇ ಇರಬಹುದು. ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಇವು ಕಂಡರೂ ಊಟದಲ್ಲೇ ಸರಿಮಾಡಿಕೊಳ್ಳೋಣ ಅಂತ ಕೂರಬೇಡಿ: ಮಲದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪಗೆ ಅಂಟುವ ಮಲ (ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಬಣ್ಣ ಕಪ್ಪಾಗುವುದುಂಟು, ಆದರೂ ಒಮ್ಮೆ ಕೇಳಿ), ರಕ್ತವಾಂತಿ, ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳೋದು, ಪ್ರಯತ್ನವಿಲ್ಲದೆ ತೂಕ ಇಳಿಯೋದು, ಕಣ್ಣು ಹಳದಿಯಾಗೋದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, 45 ದಾಟಿದಮೇಲೆ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗೋದು. 'ಪೈಲ್ಸ್ ಇರಬೇಕು, ಅದಕ್ಕೇ ರಕ್ತ' ಅಂತ ನೀವೇ ತೀರ್ಮಾನ ಮಾಡಬೇಡಿ. ಪೈಲ್ಸೇ ಇರಬಹುದು. ಆದರೆ ಅದನ್ನು ಡಾಕ್ಟರ್ ನೋಡಿ ಹೇಳಲಿ.

ಇವು ಯಾವುವೂ ಇಲ್ಲದ ದಿನನಿತ್ಯದ ಉಬ್ಬರ, ಮಲಬದ್ಧತೆ, ಹುಳಿತೇಗು, ಊಟದ ಮೇಲೆ ಭಾರ – ಇವುಗಳಿಗೆ ಮುಂದಿನ ಮಾತು.

ಹಂತ 1: ಒಂದು ವಾರ ಬರೆದಿಡಿ

ಒಂದು ಹಳೇ ನೋಟ್‌ಬುಕ್ ಸಾಕು. ಏನು ತಿಂದಿರಿ, ಎಷ್ಟು ಗಂಟೆಗೆ, ಕಾಫಿ–ಟೀ ಎಷ್ಟು, ಮಲವಿಸರ್ಜನೆ ಯಾವಾಗ, ಯಾವ ಹೊತ್ತಲ್ಲಿ ಹೊಟ್ಟೆ ತಕರಾರು. ಬೇರೇನೂ ಬೇಡ.

ವಾರದ ಕೊನೆಗೆ ನಿಮ್ಮ ತೊಂದರೆ ಯಾವ ಗುಂಪಿನದು ಅಂತ ಗೊತ್ತಾಗುತ್ತದೆ. ಊಟವಾಗಿ ಮಲಗಿದಾಗ ಎದೆ ಉರಿದರೆ ಅದು ಹೊಟ್ಟೆಯ ಆಮ್ಲ ಮೇಲಕ್ಕೆ ಬರುವ ತೊಂದರೆ. ಅಲ್ಲಿ ಊಟದ ಹೊತ್ತು, ಪ್ರಮಾಣ ಮುಖ್ಯ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುತ್ತಿದ್ದರೆ, ಅಥವಾ ದಿನಾ ಹೋದರೂ ತಿಣುಕಬೇಕಾಗಿದ್ದರೆ ಅದು ಮಲಬದ್ಧತೆ. ಅಲ್ಲಿ ನಾರು, ನೀರು ಮುಖ್ಯ. ಹಾಲು ಕುಡಿದ ಒಂದೆರಡು ಗಂಟೆಗೆ ಹೊಟ್ಟೆ ಗುಡುಗುಡು ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಅಂತ ಅನುಮಾನಿಸಬಹುದು. ಅಂಥವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ.

ದಿನಾ ಹೋಗಲೇಬೇಕು ಅನ್ನುವ ಚಿಂತೆ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ಮೆತ್ತಗೆ, ಕಷ್ಟವಿಲ್ಲದೆ ಆಗುತ್ತಿದೆಯೇ ಅನ್ನೋದು ಮುಖ್ಯ.

ಹಂತ 2: ರಾತ್ರಿ ಊಟವನ್ನು ಹಿಂದಕ್ಕೆ ತನ್ನಿ

ಬದಲಾವಣೆಗಳಲ್ಲಿ ಇದನ್ನೇ ಮೊದಲು ಮಾಡಿ. ಏನು ತಿನ್ನುತ್ತೀರಿ ಅನ್ನೋದನ್ನು ಸದ್ಯಕ್ಕೆ ಮುಟ್ಟಬೇಡಿ, ಹೊತ್ತು ಮಾತ್ರ ಬದಲಾಯಿಸಿ.

ಗಟ್ಟಿ ಊಟ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿಯಲು ಎರಡರಿಂದ ನಾಲ್ಕು ಗಂಟೆ ಬೇಕು. ಎಣ್ಣೆ, ಕೊಬ್ಬು ಜಾಸ್ತಿ ಇದ್ದರೆ ಇನ್ನೂ ನಿಧಾನ. ಹತ್ತು ಗಂಟೆಗೆ ಉಂಡು ಹತ್ತೂವರೆಗೆ ಮಲಗಿದರೆ ತುಂಬಿದ ಹೊಟ್ಟೆ ಅಡ್ಡ ಮಲಗಿದಂತೆ. ಆಮ್ಲ ಅನ್ನನಾಳಕ್ಕೆ ಬರುತ್ತದೆ, ಎದೆ ಉರಿಯುತ್ತದೆ. ಧಾರಾವಾಹಿ ಮುಗಿದಮೇಲೆ ತಟ್ಟೆ ಹಾಕುವ ಮನೆಗಳಲ್ಲಿ ಇದೇ ಕಥೆ. ಧಾರಾವಾಹಿ ನೋಡಬೇಡಿ ಅಂತ ನಾನು ಹೇಳೋದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ! ಉಂಡು ಬಂದು ನೋಡಿ ಅಷ್ಟೇ.

ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಇಟ್ಟುಕೊಳ್ಳಿ. ಈಗ ಹತ್ತಕ್ಕೆ ಉಣ್ಣುತ್ತಿದ್ದರೆ ಈ ವಾರ ಒಂಬತ್ತೂವರೆ, ಮುಂದಿನ ವಾರ ಒಂಬತ್ತು, ಹೀಗೆ ಎಂಟಕ್ಕೆ ತನ್ನಿ. ರಾತ್ರಿ ಪಾಳಿಯವರು, ಅಂಗಡಿ ಮುಚ್ಚಿ ಬರುವವರು ಸಂಜೆ ಏಳಕ್ಕೇ ಮುಖ್ಯ ಊಟ ಮುಗಿಸಿ. ಮನೆಗೆ ಬಂದು ಒಂದು ಲೋಟ ಮಜ್ಜಿಗೆಯೋ ಅಂಬಲಿಯೋ ಕುಡಿದರೆ ಸಾಕು.

ಎದೆಯುರಿ ಇರುವವರು ಇನ್ನೆರಡು ಮಾಡಬಹುದು. ಎಡಮಗ್ಗುಲಾಗಿ ಮಲಗಿ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಆರು–ಎಂಟು ಅಂಗುಲದ ಗಟ್ಟಿ ಮರದ ತುಂಡು ಕೊಡಿ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚುತ್ತದೆ, ಪ್ರಯೋಜನವಿಲ್ಲ.

ಹಂತ 3: ದಿನಕ್ಕೆ ಒಂದು ಹೊತ್ತು ಮುದ್ದೆ–ಸೊಪ್ಪು

ಈಗ ತಟ್ಟೆಗೆ ಬರೋಣ. ಮೂರು ಹೊತ್ತಿನ ಅಕ್ಕಿಯಲ್ಲಿ ಒಂದು ಹೊತ್ತನ್ನು ಮಾತ್ರ ರಾಗಿಗೆ ಬಿಟ್ಟುಕೊಡಿ. ಮಧ್ಯಾಹ್ನವಾದರೆ ಒಳ್ಳೆಯದು, ಓಡಾಡುವ ಹೊತ್ತು, ಕರಗುತ್ತದೆ. ಮೊದಲ ವಾರ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಜೊತೆಗೆ ಅನ್ನ. ಆಮೇಲೆ ಮುದ್ದೆ ದೊಡ್ಡದಾಗಲಿ, ಅನ್ನ ಚಿಕ್ಕದಾಗಲಿ.

ರಾಗಿಯ ದೊಡ್ಡ ಅನುಕೂಲ ಅಂದರೆ ಅದರ ಸಿಪ್ಪೆ ಸುಲಭಕ್ಕೆ ಬಿಡಿಸಿಕೊಳ್ಳೋದಿಲ್ಲ, ಹಾಗಾಗಿ ಇಡೀ ಕಾಳೇ ಹಿಟ್ಟಾಗುತ್ತದೆ. ಆ ಅನುಕೂಲವನ್ನು ನಾವು ಸಣ್ಣ ಕಣ್ಣಿನ ಜರಡಿ ಹಿಡಿದು ಕಳೆದುಕೊಳ್ಳುತ್ತೇವೆ. ಮಿಲ್ಲಿನಿಂದ ತಂದ ಹಿಟ್ಟನ್ನು ಕಲ್ಲು–ಕಸ ಮಾತ್ರ ಮೇಲೆ ಉಳಿಯುವಷ್ಟು ದೊಡ್ಡ ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ತೌಡು ಹಿಟ್ಟಿನಲ್ಲೇ ಇರಲಿ.

ಬೇಯಿಸೋದರಲ್ಲೂ ಗಮನ ಬೇಕು. ಅರ್ಧ ಬೆಂದ ಮುದ್ದೆ ಕೈಗೆ ಅಂಟುತ್ತದೆ, ಹೊಟ್ಟೆಗೂ ಭಾರ. ಎಸರಿಗೆ ಉಪ್ಪು ಬೇಕಿಲ್ಲ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಮೊದಲೇ ಹಾಕಿದರೆ ಗಂಟು ಕಡಿಮೆ. ಎಸರು ಕೊತಕೊತ ಕುದಿಯುವಾಗ ಹಿಟ್ಟು ಸುರಿದು, ಕದಡದೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹಾಗೇ ಬೇಯಲು ಬಿಡಿ. ಹಿಟ್ಟಿನ ಗುಡ್ಡದ ಸುತ್ತ ನೀರು ಉಕ್ಕಿ ಮೇಲೆ ಬರುತ್ತಿರುತ್ತದೆ. ಆಮೇಲೆ ಕೋಲಿನಿಂದ ಚೆನ್ನಾಗಿ ತಿರುವಿ, ಮುಚ್ಚಿ ಇನ್ನೆರಡು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಅದೇ ಲೆಕ್ಕ.

ಮುದ್ದೆಯನ್ನು ನಾವು ಅಗಿಯೋದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ನುಣ್ಣಗೆ ಬೀಸಿದ ಹಿಟ್ಟು ಪೂರ್ತಿ ಬೆಂದಿರೋದರಿಂದ ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ತೊಂದರೆ ಇರೋದು, ಅದೇ ಭರದಲ್ಲಿ ಸಾರಿನ ಕಾಳು, ಮಾಂಸದ ತುಂಡು, ಪಲ್ಯವನ್ನೂ ನುಂಗಿಬಿಡೋದರಲ್ಲಿ. ಮುದ್ದೆಯ ತುತ್ತನ್ನು ಗೋಲಿ ಗಾತ್ರಕ್ಕೆ ಮುರಿಯಿರಿ, ಪ್ರತಿ ಎರಡು ತುತ್ತಿಗೆ ಒಮ್ಮೆ ಪಲ್ಯವನ್ನೋ ಕಾಳನ್ನೋ ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಊಟದ ವೇಗ ತಾನಾಗಿ ಇಳಿಯುತ್ತದೆ. ಲಕ್ವ ಹೊಡೆದವರು, ನುಂಗಲು ಕಷ್ಟಪಡುವ ಹಿರಿಯರು, ಸಣ್ಣ ಮಕ್ಕಳಿಗೆ ಮುದ್ದೆ ಬೇಡ, ಅಂಬಲಿ ಅಥವಾ ರಾಗಿ ಗಂಜಿ ಕೊಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ರಾಗಿ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಇಳಿಸಿದರೆ ಸಕ್ಕರೆ ಏರಿಯೇ ಏರುತ್ತದೆ. ಅದೂ ಪಿಷ್ಟವೇ. ಒಂದು ಚಿಕ್ಕ ಮುದ್ದೆ, ತಟ್ಟೆಯ ಅರ್ಧ ಭಾಗ ಸೊಪ್ಪು–ತರಕಾರಿ.

ಸೊಪ್ಪಿಗೆ ಬಂದರೆ, ಬಸ್ಸಾರಿಗಿಂತ ಒಳ್ಳೆಯ ಅಡುಗೆ ನನಗೆ ಹೊಳೆಯುತ್ತಿಲ್ಲ. ದಂಟಿನ ಸೊಪ್ಪು, ಕೀರೆ, ಸಬ್ಬಸಿಗೆ ಅಥವಾ ಬೆರಕೆ ಸೊಪ್ಪು, ಅದರ ಜೊತೆ ತೊಗರಿಬೇಳೆಯೋ ಹೆಸರುಕಾಳೋ ಅಲಸಂದೆಯೋ. ಬೇಯಿಸಿ, ಬಸಿಯಿರಿ. ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು–ಕಾಳು ಪಲ್ಯಕ್ಕೆ. ಬೇಯಿಸಿದ ನೀರಲ್ಲಿ ಇಳಿದ ಸತ್ವ ಸಾರಲ್ಲಿ ಸಿಕ್ಕಿತು, ನಾರು ಪಲ್ಯದಲ್ಲಿ ಸಿಕ್ಕಿತು, ಚೆಲ್ಲಿದ್ದು ಏನೂ ಇಲ್ಲ. ಸೊಪ್ಪನ್ನು ಹೆಚ್ಚುವ ಮುಂಚೆ ಮೂರು ನೀರಲ್ಲಿ ತೊಳೆಯಿರಿ, ಹೆಚ್ಚಿದಮೇಲಲ್ಲ. ದಂಟಿನ ಎಳೆಯ ಕಾಂಡವನ್ನೂ ಮೇಲಿನ ಒರಟು ನಾರು ಸುಲಿದು ಸೊಪ್ಪಿನ ಜೊತೆ ಸೇರಿಸಿ.

ಮಾರುಕಟ್ಟೆಯಲ್ಲಿ ಪಾಲಕ್ಕು, ಮೆಂತ್ಯ ಬಿಟ್ಟು ಬೇರೆಯದನ್ನೂ ಕೇಳಿ. ಮೈಸೂರಿನ ದೇವರಾಜ ಮಾರ್ಕೆಟ್ಟಿನ ಆಸುಪಾಸು ಬುಟ್ಟಿ ಇಟ್ಟು ಕೂರುವ ಹೆಂಗಸರನ್ನು ಮಾತಾಡಿಸಿದರೆ 'ಅಕ್ಕ, ಈವತ್ತು ಕಿರಕಸಾಲೆ ಬಂದದೆ, ತಗೊಳ್ಳಿ, ಎಳೇದು' ಅಂತ ಅವರೇ ಆರಿಸಿ ಕೊಡುತ್ತಾರೆ. ನುಗ್ಗೆ ಸೊಪ್ಪು, ಗಣಿಕೆ, ಅಣ್ಣೆ ಸೊಪ್ಪು ಒಂದೊಂದು ದಿನ ಒಂದೊಂದು. ಬಗೆಬಗೆಯ ಗಿಡದ ನಾರು ಹೋದಷ್ಟೂ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಬದುಕುತ್ತವೆ. ಕಿಡ್ನಿ ತೊಂದರೆ ಇರುವವರು, ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆಯವರು ಸೊಪ್ಪಿನ ಪ್ರಮಾಣ ಜಾಸ್ತಿ ಮಾಡುವ ಮುಂಚೆ ಡಾಕ್ಟರನ್ನು ಕೇಳಬೇಕು.

ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಹೇಳುತ್ತದೆ. 400 ಗ್ರಾಂ ಅಂದರೆ ನಾವು ತಟ್ಟೆಯ ಮೂಲೆಗೆ ಇಟ್ಟುಕೊಳ್ಳುವ ಎರಡು ಚಮಚ ಪಲ್ಯ ಅಲ್ಲ. ಒಂದೊಂದು ಹೊತ್ತಿಗೂ ಒಂದು ಬಟ್ಟಲು.

ಹಣ್ಣಿನಲ್ಲಿ ಸೀಬೆ, ಪರಂಗಿ, ಬಾಳೆ ಸಾಕು. ಸೀಬೆಯಲ್ಲಿ 100 ಗ್ರಾಂಗೆ 5 ಗ್ರಾಂಗಿಂತ ಜಾಸ್ತಿ ನಾರಿದೆ. ನಂಜನಗೂಡು ರಸಬಾಳೆ ಸಿಕ್ಕರೆ ಅದು ನಿಮ್ಮ ಅದೃಷ್ಟ, ಸಿಗೋದು ಅಪರೂಪ. ಬಾಳೆಹಣ್ಣು ಚೆನ್ನಾಗಿ ಮಾಗಿರಲಿ. ಅರೆಗಾಯಿಯ ಪಿಷ್ಟ ಕೆಲವರಿಗೆ ಗ್ಯಾಸ್ ಮಾಡುತ್ತದೆ. ಹಣ್ಣನ್ನು ಜ್ಯೂಸ್ ಮಾಡಿ ಸೋಸಿದರೆ ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಮಂಡ್ಯದಲ್ಲಿ ಇದ್ದುಕೊಂಡು ಕಬ್ಬಿನ ಹಾಲು ಬೇಡ ಅನ್ನೋದು ಕಷ್ಟ, ಅಲ್ವಾ? ಆದರೆ ಅದನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 4: ಕಾಳಿಗೆ ಒಂದು ರಾತ್ರಿ ಟೈಮ್ ಕೊಡಿ

'ಕಾಳು ತಿಂದರೆ ಗ್ಯಾಸ್' ಅನ್ನುವವರ ಮಾತು ಸುಳ್ಳಲ್ಲ. ಹುರುಳಿ, ಅವರೆ, ಕಡಲೆ, ಅಲಸಂದೆಯಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಕರುಳಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ತಿಂದು ಗಾಳಿ ಬಿಡುತ್ತವೆ. ಕಾಳು ಬಿಡಬೇಕಿಲ್ಲ, ಈ ಸಕ್ಕರೆ ಕಡಿಮೆ ಮಾಡಿಕೊಂಡರೆ ಆಯಿತು.

ರಾತ್ರಿ ಎಂಟು–ಹತ್ತು ಗಂಟೆ ನೆನೆಹಾಕಿ. ನೆನೆದ ನೀರನ್ನು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಈ ಸಕ್ಕರೆಗಳು ನೀರಲ್ಲಿ ಕರಗುತ್ತವೆ, ಹಾಗಾಗಿ ಒಂದು ಪಾಲು ಅಲ್ಲೇ ಹೋಗುತ್ತದೆ. ಇನ್ನೊಂದು ದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಮತ್ತಷ್ಟು ಕಡಿಮೆ, ಏಕೆಂದರೆ ಮೊಳಕೆಯೇ ಅದನ್ನು ಬಳಸಿಕೊಳ್ಳುತ್ತದೆ. ಹುರುಳಿ ಕಾಳಿನ ಬಸ್ಸಾರಿಗೆ ಮೊಳಕೆ ಹುರುಳಿ ಹಾಕುವ ನಮ್ಮ ಕಡೆಯ ರೂಢಿಗೆ ರುಚಿಯಷ್ಟೇ ಕಾರಣ ಅಲ್ಲ. ಮೊಳಕೆಯನ್ನು ಹಸಿಯಾಗಿ ತಿನ್ನೋದಕ್ಕಿಂತ ಬೇಯಿಸಿ ತಿನ್ನಿ. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ಕೆಟ್ಟ ಬ್ಯಾಕ್ಟೀರಿಯಾವೂ ಬೆಳೆಯಬಹುದು.

ಅವರೆ ಕಾಲದಲ್ಲಿ, ಅಂದರೆ ಡಿಸೆಂಬರ್–ಜನವರಿಯಲ್ಲಿ, ನಮ್ಮ ಮನೆಗಳಲ್ಲಿ ಅವರೆ ಇಲ್ಲದ ಅಡುಗೆ ಇರೋದಿಲ್ಲ. ಉಪ್ಪಿಟ್ಟಿಗೆ ಅವರೆ, ಸಾರಿಗೆ ಅವರೆ, ರೊಟ್ಟಿಗೂ ಅವರೆ. ಹೊಟ್ಟೆ ಸೂಕ್ಷ್ಮ ಇರುವವರು ಹಿತಕಿದ ಬೇಳೆ ಮಾಡಿಕೊಳ್ಳಿ. ನೆನೆಸಿ, ಎರಡು ಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಸಿಪ್ಪೆ ಹೋದರೆ ನಾರು ಕಡಿಮೆ, ನಿಜ. ಆದರೆ ಹೊಟ್ಟೆ ಉಬ್ಬರ ಇರುವವರಿಗೆ ಅದು ಹಗುರ. ದಿನಾ ಕಾಳು ತಿನ್ನದವರು ಮೊದಲು ಹೆಸರುಬೇಳೆ, ಆಮೇಲೆ ಹೆಸರುಕಾಳು, ಅದಾದಮೇಲೆ ಅಲಸಂದೆ, ಕೊನೆಗೆ ಹುರುಳಿ–ಅವರೆ–ಕಡಲೆ ಅಂತ ಹೋಗಿ. ಒಂದೊಂದಕ್ಕೂ ನಾಲ್ಕೈದು ದಿನ ಕೊಡಿ. ಕರುಳಿನ ಬ್ಯಾಕ್ಟೀರಿಯಾ ಹೊಸ ಊಟಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ, ಗ್ಯಾಸ್ ನಿಧಾನಕ್ಕೆ ಇಳಿಯುತ್ತದೆ.

ಇಷ್ಟು ಮಾಡಿಯೂ ಉಬ್ಬರ ಹೋಗದಿದ್ದರೆ ಈರುಳ್ಳಿ–ಬೆಳ್ಳುಳ್ಳಿ ಮೇಲೆ ಕಣ್ಣಿಡಿ. ಅದರಲ್ಲೂ ಜೀರ್ಣವಾಗದ ನಾರಿದೆ, ಕೆಲವರಿಗೆ ಕಾಳಿಗಿಂತ ಅದೇ ಜಾಸ್ತಿ ಕಾಟ. ಎರಡು ವಾರ ಕಡಿಮೆ ಮಾಡಿ ನೋಡಿ, ಇಂಗಿನ ಒಗ್ಗರಣೆ ಹಾಕಿ. ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಬಿಡೋದು ಬೇಡ, ಮತ್ತೆ ಶುರು ಮಾಡಿ.

ಹಂತ 5: ನೀರು, ಮಜ್ಜಿಗೆ, ಕಾಫಿ

ನಾರು ಜಾಸ್ತಿ ಮಾಡಿ ನೀರು ಕುಡಿಯದಿದ್ದರೆ ಮಲಬದ್ಧತೆ ಇನ್ನೂ ಹದಗೆಡುತ್ತದೆ. ದಿನಕ್ಕೆ ಸುಮಾರು ಎರಡು ಲೀಟರ್ ಇರಲಿ; ಗದ್ದೆ ಕೆಲಸ, ಕಬ್ಬು ಕಡಿಯುವ ಕೆಲಸದವರಿಗೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಹೃದಯ, ಕಿಡ್ನಿ ಕಾಯಿಲೆಗೆ ನೀರು ಮಿತಿ ಹೇಳಿದ್ದರೆ ಆ ಮಿತಿಯೇ. ಬಸ್ಸಲ್ಲಿ ಓಡಾಡುವ, ಹೊಲಕ್ಕೆ ಹೋಗುವ ಹೆಂಗಸರು ಶೌಚಾಲಯ ಸಿಗಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯೋದಿಲ್ಲ. ಅವರ ಮಲಬದ್ಧತೆಗೆ ಯಾವ ಸೊಪ್ಪೂ ಪೂರ್ತಿ ಮದ್ದಲ್ಲ. ಮನೆಯಿಂದ ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ಲೋಟ, ಮನೆಗೆ ಬಂದಮೇಲೆ ಉಳಿದದ್ದು – ಇದು ಸದ್ಯದ ಉಪಾಯ ಅಷ್ಟೇ.

ಮಧ್ಯಾಹ್ನದ ಊಟದ ಕೊನೆಗೆ ನೀರುಮಜ್ಜಿಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಕಡೆದು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಇಂಗು. ಬಿಸಿ ಮಾಡಬೇಡಿ; ಕುದಿಸಿದರೆ ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ. ಇದೇ ಕಾರಣಕ್ಕೆ ಇಡ್ಲಿ, ದೋಸೆಯನ್ನು ಮಜ್ಜಿಗೆಯ ಸಾಲಿಗೆ ಸೇರಿಸಲು ಬರೋದಿಲ್ಲ. ಹಿಟ್ಟು ಹುದುಗಿದ್ದರಿಂದ ಜೀರ್ಣಕ್ಕೆ ಸುಲಭವಾಗಿರುತ್ತದೆ, ಸರಿ. ಆದರೆ ಬೆಂದಾಗ ಬ್ಯಾಕ್ಟೀರಿಯಾ ಹೋಯಿತು.

ರಾತ್ರಿ ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿ ಬೆಳಿಗ್ಗೆ ಉಣ್ಣೋದು ಒಳ್ಳೆಯ ರೂಢಿಯೇ. ಆರಿದ ಅನ್ನದ ಪಿಷ್ಟದಲ್ಲಿ ಒಂದು ಭಾಗ ನಾರಿನಂತೆ ಕೆಲಸ ಮಾಡುತ್ತದೆ. ಆದರೆ ಅನ್ನವನ್ನು ಸಂಜೆಯಿಂದ ಒಲೆ ಮೇಲೇ ಬೆಚ್ಚಗೆ ಬಿಡಬೇಡಿ, ಅದರಲ್ಲಿ ವಾಂತಿ–ಭೇದಿ ತರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಗ ಆರಿಸಿ ಫ್ರಿಜ್ಜಿಗೆ ಇಡಿ.

ಫಿಲ್ಟರ್ ಕಾಫಿ ಬಿಡಿ ಅಂದರೆ ಮೈಸೂರಿನವರು ಈ ಬರಹವನ್ನೇ ಬಿಟ್ಟು ಹೋಗುತ್ತಾರೆ. ಬಿಡೋದು ಬೇಡ. ಎದೆಯುರಿ ಇದ್ದರೆ ಬರೀ ಹೊಟ್ಟೆಯಲ್ಲಿ ಕುಡಿಯದೆ ತಿಂಡಿ ಜೊತೆ ಕುಡಿಯಿರಿ, ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸಿ.

ಹಂತ 6: ಬೆಳಿಗ್ಗೆ ಹತ್ತು ನಿಮಿಷ ಶೌಚಕ್ಕೆ ಮೀಸಲಿಡಿ

ಎದ್ದಮೇಲೆ, ಅದರಲ್ಲೂ ಏನಾದರೂ ತಿಂದು–ಕುಡಿದಮೇಲೆ ದೊಡ್ಡ ಕರುಳು ಚುರುಕಾಗುತ್ತದೆ. ಹೊಟ್ಟೆ ತುಂಬುತ್ತಿದ್ದಂತೆ ಕೆಳಗೆ ಜಾಗ ಖಾಲಿ ಮಾಡುವ ಸೂಚನೆ ಹೋಗುತ್ತದೆ. ಆ ಹೊತ್ತಲ್ಲೇ ಸ್ಕೂಲ್ ಬಸ್ಸು, ಡಬ್ಬಿ, ಆಫೀಸು ಅಂತ ಓಡಿದರೆ ಆ ಸೂಚನೆ ತಪ್ಪಿತು. ದಿನಾ ತಡೆದರೆ ಕರುಳು ಸೂಚನೆ ಕೊಡೋದನ್ನೇ ಕಡಿಮೆ ಮಾಡುತ್ತದೆ. ಮಕ್ಕಳಲ್ಲಿ ಇದು ಜಾಸ್ತಿ. ಸ್ಕೂಲಿನ ಶೌಚಾಲಯಕ್ಕೆ ಹೋಗಲು ಮನಸ್ಸಿಲ್ಲದೆ ಸಂಜೆವರೆಗೂ ತಡೆದಿರುತ್ತಾರೆ. ಕಾಲು ಗಂಟೆ ಬೇಗ ಎಬ್ಬಿಸಿ.

ಕಾಲುಮಡಚಿ ಕೂರುವ ಇಂಡಿಯನ್ ಶೌಚಾಲಯದಲ್ಲಿ ಗುದದ್ವಾರದ ದಾರಿ ನೇರವಾಗುತ್ತದೆ, ತಿಣುಕುವ ಅಗತ್ಯ ಕಡಿಮೆ. ಕಮೋಡ್ ಇದ್ದರೆ ಕಾಲ ಕೆಳಗೆ ಏಳು–ಒಂಬತ್ತು ಅಂಗುಲ ಎತ್ತರದ ಸ್ಟೂಲ್ ಇಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿ. ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಮನೆಯಲ್ಲಿರುವ ಊಟದ ಮಣೆ ಇಷ್ಟು ಎತ್ತರ ಇರೋದಿಲ್ಲ, ಪ್ಲಾಸ್ಟಿಕ್ ಸ್ಟೂಲೇ ವಾಸಿ. ಮೊಬೈಲ್ ಹೊರಗಿಡಿ. ಹೊತ್ತುಗಟ್ಟಲೆ ಕೂತರೆ ಗುದದ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ, ಪೈಲ್ಸಿಗೆ ಅದೇ ದಾರಿ.

ಹಂತ 7: ಊಟದ ಮೇಲೆ ಹತ್ತು–ಹದಿನೈದು ನಿಮಿಷ ನಡಿಗೆ

ಬಿರುಸಾಗಿ ಬೇಡ, ಮಾತಾಡಿಕೊಂಡು ನಡೆಯುವಷ್ಟು. ಹೊಟ್ಟೆ ಬೇಗ ಹಗುರಾಗುತ್ತದೆ, ಊಟದ ಮೇಲಿನ ಸಕ್ಕರೆ ಏರಿಕೆಯೂ ತಗ್ಗುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಬೆಳಗಿನ ವಾಕಿಂಗು, ಚಾಮುಂಡಿ ಬೆಟ್ಟದ ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತೋದು ಬೇರೆ ವ್ಯಾಯಾಮ. ಅವು ಹೊಟ್ಟೆ ಖಾಲಿ ಇದ್ದಾಗ. ಮಂಡ್ಯ, ಪಾಂಡವಪುರ ಕಡೆಯವರು ರಾತ್ರಿ ಊಟದ ಮೇಲೆ ನಾಲೆ ಏರಿಗೆ ಹೋಗೋದು ಬೇಡ, ಕತ್ತಲಲ್ಲಿ ತಡೆಗೋಡೆ ಇಲ್ಲದ ಜಾಗ ಕಾಣೋದಿಲ್ಲ. ಮನೆ ಮುಂದಿನ ಬೀದಿ ಸಾಕು. ಊಟದ ಮೇಲೆ ಆಸನ ಮಾಡೋದಾದರೆ ವಜ್ರಾಸನ ಸಾಕು, ಮಂಡಿ ನೋವಿದ್ದರೆ ಅದೂ ಬೇಡ.

ಮನೆಮದ್ದು: ಯಾವುದಕ್ಕೆ ಎಷ್ಟು ಬೆಲೆ

ವಾಕರಿಕೆಗೆ ಶುಂಠಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೀರಿಗೆ, ಓಮ, ಇಂಗು ಊಟದ ಮೇಲಿನ ಭಾರಕ್ಕೆ ತಲೆಮಾರುಗಳಿಂದ ಬಂದಿರೋದು, ಅಡುಗೆ ಪ್ರಮಾಣದಲ್ಲಿ ನಿಶ್ಚಿಂತೆಯಿಂದ ಬಳಸಿ. ಮಲಬದ್ಧತೆಗೆ ಇಸಬ್‌ಗೋಲ್ ಒಳ್ಳೆಯದು, ಒಂದು ಚಮಚಕ್ಕೆ ಪೂರ್ತಿ ಲೋಟ ನೀರು ಬೇಕೇ ಬೇಕು; ಇಲ್ಲದಿದ್ದರೆ ಗಂಟಲಲ್ಲೇ ಊದಿಕೊಳ್ಳುತ್ತದೆ. ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವ ಹಳೇ ಪದ್ಧತಿ ಬಿಡಿ. ಮಕ್ಕಳಿಗೆ, ಬಸುರಿಯರಿಗಂತೂ ಬೇಡವೇ ಬೇಡ. ಗೋಲಿ ಸೋಡಾ ಕುಡಿದು ತೇಗಿದಾಗ ಹೊರಗೆ ಬರೋದು ಸೋಡಾದ್ದೇ ಗಾಳಿ. ಅಡುಗೆ ಸೋಡಾ, ನೊರೆ ಬರುವ ಪುಡಿಗಳಲ್ಲಿ ಸೋಡಿಯಂ ಇರುತ್ತದೆ, ಬಿಪಿ ಇರುವವರು ರೂಢಿ ಮಾಡಿಕೊಳ್ಳಬಾರದು.

ಎಲೆಯಡಿಕೆ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮೈಸೂರು ವೀಳ್ಯದೆಲೆ ಒಂದನ್ನೇ ಸೋಂಪು ಹಾಕಿ ಅಗಿದರೆ ಬಾಯಿಗೆ ಹಿತ. ಅಡಿಕೆ ಸ್ವತಃ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿಮಾಡಿದೆ. ಕಡ್ಡಿಪುಡಿ, ಹೊಗೆಸೊಪ್ಪು ಸೇರಿಸಿದರೆ ಇನ್ನೂ ಕೆಡುಕು. ಊಟ ಜೀರ್ಣವಾಗಲು ಅಂತ ಅದನ್ನು ಸಮರ್ಥಿಸಬೇಡಿ.

ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ಳದ ವಿಷಯ: ಮೈಕೈ ನೋವಿನ ಮಾತ್ರೆ. ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ತರಹದವನ್ನು ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದು ದಿನಾ ನುಂಗಿದರೆ ಹೊಟ್ಟೆಯ ಒಳಪದರ ಹುಣ್ಣಾಗುತ್ತದೆ. ಆ ಉರಿಗೆ ಮತ್ತೊಂದು ಗ್ಯಾಸ್ ಮಾತ್ರೆ. ಆ ಗ್ಯಾಸ್ ಮಾತ್ರೆಯನ್ನೂ ವರ್ಷಗಟ್ಟಲೆ ನುಂಗಿದರೆ ಬಿ12 ಕಡಿಮೆಯಾಗುವ ಸಾಧ್ಯತೆ ಇದೆ. ಡಾಕ್ಟರ್ ಬರೆದುಕೊಟ್ಟಿದ್ದರೆ ನೀವಾಗೇ ನಿಲ್ಲಿಸಬೇಡಿ, ಎಷ್ಟು ದಿನ ಅಂತ ಕೇಳಿ.

ಭೇದಿ ಶುರುವಾದರೆ ಊಟ ನಿಲ್ಲಿಸೋದಲ್ಲ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ, ಗಂಜಿ, ಮೊಸರನ್ನ, ಬಾಳೆಹಣ್ಣು ತಿನ್ನಿ.

ಬಾಡೂಟ, ಮದುವೆ ಊಟದ ದಿನ

ಬೀಗರ ಊಟಕ್ಕೆ ಹೋಗಿ ಮಿತವಾಗಿ ತಿನ್ನಿ ಅಂದರೆ ಬಡಿಸುವವರೇ ಬಿಡೋದಿಲ್ಲ. 'ಅಣ್ಣ, ಇನ್ನೊಂದು ಪೀಸ್ ಹಾಕಿಸ್ಕೊಳ್ಳಿ' ಅಂತ ಬಕೆಟ್ಟು ಹಿಡಿದು ನಿಂತುಬಿಡುತ್ತಾರೆ. ಹಾಗಾಗಿ ಹೋಗುವ ಮುಂಚೆಯೇ ಸ್ವಲ್ಪ ತಯಾರಿ ಮಾಡಿಕೊಳ್ಳಿ. ಬೆಳಿಗ್ಗೆ ಉಪವಾಸ ಮಾಡಬೇಡಿ. ಹಸಿದು ಹೋದವರೇ ಜಾಸ್ತಿ ತಿನ್ನೋದು. ಒಂದು ಇಡ್ಲಿಯೋ ಪರಂಗಿ ಹಣ್ಣೋ ತಿಂದು ಹೊರಡಿ. ಎಲೆ ಮುಂದೆ ಕೂತಾಗ ಮುದ್ದೆಯಿಂದ ಶುರು ಮಾಡಿ, ಸೌತೆಕಾಯಿ–ಈರುಳ್ಳಿ ಖಾಲಿ ಮಾಡಿ, ಮಾಂಸವನ್ನು ಅಗಿದು ತಿನ್ನಿ. ಬಿರಿಯಾನಿ, ಅನ್ನ ಎರಡರಲ್ಲಿ ಒಂದು. ಸಿಹಿ ಬೇಕೇ ಬೇಕಾದರೆ ಮೈಸೂರು ಪಾಕು ಒಂದು ತುಂಡು, ಐಸ್‌ಕ್ರೀಮ್ ಬೇಡ. ಪಕ್ಕದವರು ಲಿಂಬು ಸೋಡಾ ತರಿಸಿದರೆ ನೀವು ನೀರುಮಜ್ಜಿಗೆ ಕೇಳಿ, ಅಡುಗೆ ಭಟ್ಟರ ಹತ್ತಿರ ಇದ್ದೇ ಇರುತ್ತದೆ.

ಅವತ್ತು ರಾತ್ರಿ ಹಸಿವಾಗದಿದ್ದರೆ ಊಟ ಬಿಡಿ, ಹಸಿವಾದರೆ ಅಂಬಲಿ. ಮಾರನೇ ದಿನ ಹೊಟ್ಟೆ ತೊಳೆಯುವ ಔಷಧಿ, ಇಡೀ ದಿನದ ಉಪವಾಸ ಏನೂ ಬೇಕಿಲ್ಲ. ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದು ಎರಡು ಲೋಟ ನೀರು, ತಿಂಡಿಗೆ ಇಡ್ಲಿ, ಮಧ್ಯಾಹ್ನಕ್ಕೆ ಚಿಕ್ಕ ಮುದ್ದೆ, ಹೆಸರುಕಾಳು–ಸೊಪ್ಪಿನ ಉಪ್ಪೆಸರು. ಉಪ್ಪೆಸರಿನ ಖಾರವನ್ನು ಮಾತ್ರ ಅವತ್ತು ಅರ್ಧಕ್ಕೆ ಇಳಿಸಿ.